ಪಟ್ಟದಕಲ್ಲಿನಿಂದ ಘಟ್ಟದವರೆಗೆ: ಮನೆಗಾಡಿಯ ಪ್ರವಾಸಕ್ಕೊಂದು ಲೆಕ್ಕಾಚಾರ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇವೆರಡನ್ನೂ ಬೇರೆ ಬೇರೆಯಾಗಿ ಮಾಡಬೇಕೆಂದು ಅವರು ವಿಧಿಸಿಲ್ಲ. ದೇಶ ಸುತ್ತುವ ಮೊದಲು ಭೌತಶಾಸ್ತ್ರದ ಕೋಶವನ್ನು ಒಮ್ಮೆ ತೆರೆದು ನೋಡಿದರೆ ಪ್ರವಾಸವು ಹೆಚ್ಚು ಸುಂದರವೂ ಹೆಚ್ಚು ಸುರಕ್ಷಿತವೂ ಆಗುವುದೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮಲಗಲು ಹಾಸಿಗೆ, ಅಡುಗೆಗೆ ಒಲೆ, ಕುಡಿಯಲು ನೀರಿನ ತೊಟ್ಟಿ ಇವೆಲ್ಲವನ್ನೂ ಒಳಗೇ ಹೊಂದಿರುವ ಮೋಟಾರು ವಾಹನಕ್ಕೆ ಕ್ಯಾರವಾನ್ ಎಂದು ಹೆಸರು. ನಾವು ಅದನ್ನು ಮನೆಗಾಡಿ ಎಂದು ಕರೆಯೋಣ. ಅಮೆರಿಕದಲ್ಲಿ ಇಂತಹ ಗಾಡಿಗಳಲ್ಲಿ ಕುಳಿತು ದಕ್ಷಿಣ ಅಪಲೇಷಿಯನ್ ಪರ್ವತಗಳನ್ನು ಸುತ್ತುವುದು ಬಹು ಜನಪ್ರಿಯವಾದ ವಿಹಾರ. ಅಲ್ಲಿನ ‘ಬ್ಲೂ ರಿಜ್ ಪಾರ್ಕ್‌ವೇ’ ಎಂಬ ರಸ್ತೆ ೭೫೫ ಕಿಲೋಮೀಟರುಗಳಷ್ಟು ದೂರ ಬೆಟ್ಟಗಳ ನೆತ್ತಿಯ ಮೇಲೆಯೇ ಸಾಗುತ್ತದೆ. ೧೯೩೫ರಲ್ಲಿ ಆರಂಭವಾದ ಅದರ ನಿರ್ಮಾಣ ಪೂರ್ಣಗೊಂಡದ್ದು ೧೯೮೭ರಲ್ಲಿ. ಸರಕಿನ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಉಳಿದ ವಾಹನಗಳೂ ಗಂಟೆಗೆ ೭೨ ಕಿಲೋಮೀಟರುಗಳ ವೇಗವನ್ನು ಮೀರುವಂತಿಲ್ಲ. ಪ್ರವಾಸಿಗರನ್ನು ಅವಸರಪಡಿಸದಿರುವುದೇ ಆ ರಸ್ತೆಯ ಉದ್ದೇಶ.

ಅದೇ ೧೯೮೭ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೋ ಸಂಸ್ಥೆಯ ಮನ್ನಣೆ ಪಡೆದ ಸ್ಥಳ ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಇಲ್ಲಿಂದ ಹೊರಟು, ಮಲಪ್ರಭಾ ನದಿಯ ಜಾಡನ್ನೇ ಹಿಡಿದು, ಅದು ಹುಟ್ಟುವ ಪಶ್ಚಿಮಘಟ್ಟದವರೆಗೆ ಹೋಗುವ ಮಾರ್ಗವೊಂದನ್ನು ಯೋಚಿಸೋಣ. ಮಲಪ್ರಭೆಯ ಉದ್ದ ೩೦೪ ಕಿಲೋಮೀಟರು. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ಪಟ್ಟದಕಲ್ಲಿನಿಂದ ಬಾದಾಮಿ, ರಾಮದುರ್ಗ, ಸವದತ್ತಿ, ಬೈಲಹೊಂಗಲ, ಖಾನಾಪುರ, ಜಾಂಬೋಟಿಗಳ ಮೂಲಕ ಕಣಕುಂಬಿಗೆ ಹೋಗಬಹುದು. ಅಲ್ಲಿಂದ ಮುಂದೆ ಚೋರ್ಲಾ ಘಟ್ಟವನ್ನಿಳಿದರೆ ಗೋವೆಯ ಕರಾವಳಿ. ಬಯಲು, ಮರಳುಗಲ್ಲಿನ ಬೆಟ್ಟ, ಜಲಾಶಯ, ದಟ್ಟವಾದ ಕಾಡು ಎಲ್ಲವೂ ಒಂದೇ ದಾರಿಯಲ್ಲಿ ಸಿಕ್ಕುತ್ತವೆ.

ಇಂತಹ ಪ್ರವಾಸಕ್ಕೆ ಸಿದ್ಧರಾಗುವವರು ಮೊದಲು ನಕ್ಷೆಯನ್ನು ಬಿಡಿಸಿ ದೂರವನ್ನು ಅಳೆಯುತ್ತಾರೆ. ಆದರೆ ಪ್ರವಾಸದ ಸೊಗಸನ್ನೂ ಕ್ಷೇಮವನ್ನೂ ನಿರ್ಧರಿಸುವುದು ದೂರವಲ್ಲ. ಬೆಳಕು, ನೀರು, ಇಳಿಜಾರು, ತಿರುವು ಎಂಬ ನಾಲ್ಕು ಸಂಗತಿಗಳು. ಇವನ್ನು ಮನೆಯಲ್ಲೇ ಕುಳಿತು ಒಂದು ಪೆನ್ಸಿಲಿನಿಂದ ಲೆಕ್ಕ ಹಾಕಬಹುದು.

ಬೆಳಕಿನ ಲೆಕ್ಕ

ಪಟ್ಟದಕಲ್ಲು, ಬಾದಾಮಿ, ಐಹೊಳೆಗಳ ಬೆಟ್ಟಗಳೂ ಗುಡಿಗಳೂ ಒಂದೇ ಬಗೆಯ ಮರಳುಗಲ್ಲಿನವು. ಭೂವಿಜ್ಞಾನಿಗಳು ಈ ಪದರಗಳನ್ನು ‘ಕಲಾದಗಿ’ ಶಿಲಾಸಮೂಹದಲ್ಲಿ ಸೇರಿಸಿದ್ದಾರೆ. ಪ್ರಾಣಿಗಳೂ ಸಸ್ಯಗಳೂ ನೆಲದ ಮೇಲೆ ಕಾಣಿಸಿಕೊಳ್ಳುವುದಕ್ಕೆ ಬಹು ಹಿಂದೆ, ಪ್ರೊಟೆರೋಜೋಯಿಕ್ ಕಲ್ಪದಲ್ಲಿ, ನೀರು ಹೊತ್ತು ತಂದ ಮರಳು ಪದರಪದರವಾಗಿ ನೆಲೆಗೊಂಡು ಕಲ್ಲಾಯಿತು. ಅಂದಿನ ಪ್ರವಾಹಗಳು ಮರಳನ್ನು ಓರೆಯಾಗಿ ಒಡ್ಡಿದ ಗೆರೆಗಳನ್ನು ಇಂದಿಗೂ ಬಾದಾಮಿಯ ಬಂಡೆಗಳಲ್ಲಿ ಕಾಣಬಹುದು. ಮರಳಿನ ಕಣಗಳು ಬಹುಮಟ್ಟಿಗೆ ಬಣ್ಣವಿಲ್ಲದ ಸ್ಫಟಿಕ ಶಿಲೆಯ ಚೂರುಗಳೇ. ಅವುಗಳನ್ನು ಸುತ್ತಿಕೊಂಡಿರುವ ಕಬ್ಬಿಣದ ಆಕ್ಸೈಡಿನ ತೆಳುವಾದ ಲೇಪವೇ ಬೆಟ್ಟಕ್ಕೆ ಕೆಂಪನ್ನು ಕೊಟ್ಟಿದೆ. ಅದು ನೀಲಿ ಬೆಳಕನ್ನು ಹೀರಿ, ಕೆಂಪನ್ನು ಹಿಂದಿರುಗಿಸುತ್ತದೆ.

ಈಗ ಸೂರ್ಯನ ಕಡೆಗೆ ನೋಡೋಣ. ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದರಿಸುತ್ತವೆ. ಸೂರ್ಯನು ನೆತ್ತಿಯ ಮೇಲಿದ್ದಾಗ ಅವನ ಕಿರಣಗಳು ಹಾದುಬರುವ ಗಾಳಿಯನ್ನು ಒಂದು ಪಾಲು ಎಂದಿಟ್ಟುಕೊಂಡರೆ, ಅವನು ದಿಗಂತದಿಂದ ೧೦ ಡಿಗ್ರಿ ಎತ್ತರದಲ್ಲಿದ್ದಾಗ ಹಾದುಬರುವುದು ಐದೂವರೆ ಪಾಲಿಗಿಂತ ಹೆಚ್ಚು. ಆದಕಾರಣ ನೀಲಿಯು ದಾರಿಯಲ್ಲೇ ಚದರಿ ಹೋಗಿ, ಕೆಂಪು ಹೆಚ್ಚಾಗಿ ಉಳಿಯುತ್ತದೆ. ಕೆಂಪು ಕಲ್ಲಿನ ಮೇಲೆ ಕೆಂಪು ಬೆಳಕು ಬಿದ್ದಾಗ ಗುಡಿಗಳು ಕಾಸಿದ ತಾಮ್ರದಂತೆ ತೋರುವುದು ಈ ಕಾರಣದಿಂದ. ಓರೆಯಾದ ಬೆಳಕಿನಲ್ಲಿ ಶಿಲ್ಪದ ಪ್ರತಿಯೊಂದು ಉಬ್ಬೂ ನೆರಳನ್ನು ಚೆಲ್ಲುವುದರಿಂದ ಕೆತ್ತನೆಯೂ ಸ್ಫುಟವಾಗಿ ಎದ್ದು ಕಾಣುತ್ತದೆ. ಪಟ್ಟದಕಲ್ಲಿನ ಅಕ್ಷಾಂಶದಲ್ಲಿ ಸೂರ್ಯನು ದಿಗಂತದಿಂದ ೧೦ ಡಿಗ್ರಿ ಏರಲು ಸುಮಾರು ಮುಕ್ಕಾಲು ಗಂಟೆ ಬೇಕು. ದಿನಕ್ಕೆ ಎರಡು ಬಾರಿ, ಮುಕ್ಕಾಲು ಗಂಟೆಯಷ್ಟು ಮಾತ್ರವೇ ಈ ಸೊಬಗು.

ಹೀಗಿರುವಾಗ ಯಾವ ಊರಿಗೆ ಯಾವ ಹೊತ್ತು? ಪಲ್ಲವರ ಕಂಚಿಯನ್ನು ಗೆದ್ದ ಇಮ್ಮಡಿ ವಿಕ್ರಮಾದಿತ್ಯನ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವು ಪೂರ್ವಾಭಿಮುಖವಾಗಿ, ನದಿಯ ಕಡೆಗೆ ನೋಡುತ್ತಿದೆ. ಅದಕ್ಕೆ ಬೆಳಗಿನ ಬಿಸಿಲೇ ಸರಿ. ಬಾದಾಮಿಯ ಅಗಸ್ತ್ಯ ತೀರ್ಥದ ಪೂರ್ವದ ಅಂಚಿನಲ್ಲಿರುವ ಭೂತನಾಥ ದೇವಾಲಯವು ಪಶ್ಚಿಮಕ್ಕೆ ಮುಖ ಮಾಡಿದೆ. ಅದಕ್ಕೆ ಸಂಜೆಯ ಬಿಸಿಲು. ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ತೆರೆದುಕೊಂಡ ಗುಹಾಲಯಗಳಲ್ಲಿ ಚಳಿಗಾಲದ ನಡುಹಗಲಿನಲ್ಲಿಯೂ ತಂಪಾದ ನೆರಳಿರುತ್ತದೆ. ಇವುಗಳಲ್ಲಿ ಮೂರನೆಯದು ಕ್ರಿ.ಶ. ೫೭೮ರ ಶಾಸನವುಳ್ಳದ್ದು. ಎರಡು ಊರುಗಳ ನಡುವಣ ದೂರ ಸುಮಾರು ೨೨ ಕಿಲೋಮೀಟರು. ಬೆಳಗ್ಗೆ ಪಟ್ಟದಕಲ್ಲು, ಮಧ್ಯಾಹ್ನ ಗುಹೆಗಳು, ಸಂಜೆ ಭೂತನಾಥ ಎಂಬ ಕ್ರಮವನ್ನು ಸೂರ್ಯನೇ ನಮಗೆ ಬರೆದುಕೊಟ್ಟಿದ್ದಾನೆ. ಇದನ್ನು ತಿರುವುಮುರುವು ಮಾಡಿದವರು ಅಷ್ಟೇ ದೂರ ತಿರುಗಿ, ಅರ್ಧದಷ್ಟನ್ನು ಮಾತ್ರ ನೋಡಿ ಬರುತ್ತಾರೆ.

ಅಪಲೇಷಿಯನ್ ಪರ್ವತಗಳಿಗೆ ‘ನೀಲಿ ಸಾಲು’ ಎಂಬ ಹೆಸರು ಬಂದದ್ದೂ ಬೆಳಕಿನ ಚದರಿಕೆಯಿಂದಲೇ. ಅಲ್ಲಿನ ದಟ್ಟ ಕಾಡಿನ ಮರಗಳು ಐಸೋಪ್ರೀನಿನಂತಹ ಆವಿಗಳನ್ನು ಹೊರಬಿಡುತ್ತವೆ. ಅವುಗಳಿಂದ ಗಾಳಿಯಲ್ಲಿ ಅತಿ ಸೂಕ್ಷ್ಮವಾದ ಕಣಗಳುಂಟಾಗಿ, ದೂರದ ಬೆಟ್ಟಗಳ ಮುಂದೆ ನೀಲಿಯ ತೆರೆ ಎಳೆದಂತಾಗುತ್ತದೆ. ಮಳೆ ನಿಂತ ಮೇಲೆ ಜಾಂಬೋಟಿಯ ಕಡೆಯಿಂದ ಸಹ್ಯಾದ್ರಿಯ ಸಾಲನ್ನು ನೋಡಿದವರಿಗೆ ಈ ನೀಲಿ ಅಪರಿಚಿತವೇನಲ್ಲ.

ನೀರಿನ ಲೆಕ್ಕ

ಮನೆಗಾಡಿಯವರಿಗೆ ರಾತ್ರಿ ತಂಗಲು ಹೊಳೆಯ ದಂಡೆಯಷ್ಟು ಆಕರ್ಷಕವಾದ ಸ್ಥಳ ಬೇರೊಂದಿಲ್ಲ. ಮಳೆಗಾಲದಲ್ಲಿ ಅದರಷ್ಟು ಅಪಾಯಕರವಾದ ಸ್ಥಳವೂ ಬೇರೊಂದಿಲ್ಲ. ಕಾರಣವೇನು?

ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆಯಾದ್ದರಿಂದ ಅದು ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ, ತಣಿದಾಗ ಆವಿಯು ನೀರಾಗಿ ಸುರಿಯುತ್ತದೆ. ಆದ್ದರಿಂದ ಕಣಕುಂಬಿಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮೀರಿದ ಮಳೆ. ಘಟ್ಟವನ್ನು ದಾಟಿ ಪೂರ್ವಕ್ಕೆ ಸಾಗಿದ ಗಾಳಿಯಲ್ಲಿ ತೇವ ಕಡಿಮೆಯಾಗಿರುವುದರಿಂದ ಬಾದಾಮಿಯ ಸುತ್ತಮುತ್ತ ಇದರ ಐದನೆಯ ಒಂದು ಭಾಗದಷ್ಟು ಮಳೆಯಾಗುವುದೇ ಹೆಚ್ಚು. ನೀರು ಬೀಳುವುದು ಒಂದು ಕಡೆ, ಹರಿದು ಬರುವುದು ಇನ್ನೊಂದು ಕಡೆ. ಪಟ್ಟದಕಲ್ಲಿನಲ್ಲಿ ನಿಂತು ಶುಭ್ರವಾದ ಆಕಾಶವನ್ನು ನೋಡಿ ಹೊಳೆಯ ಸ್ಥಿತಿಯನ್ನು ತಿಳಿಯಲಾಗದು. ನಡುವೆ ನವಿಲುತೀರ್ಥದ ಅಣೆಕಟ್ಟು ಸುಮಾರು ೩೭ ಶತಕೋಟಿ ಘನ ಅಡಿ ನೀರನ್ನು ಹಿಡಿದಿಡಬಲ್ಲುದಾದರೂ, ಅದು ತುಂಬಿದ ಮೇಲೆ ಬಂದಷ್ಟು ನೀರನ್ನೂ ಕೆಳಕ್ಕೆ ಬಿಡಲೇಬೇಕು. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಆದದ್ದು ಇದೇ. ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನುಗ್ಗಿತು. ದಂಡೆಯ ಎಷ್ಟೋ ಹಳ್ಳಿಗಳ ಜನ ಮನೆಮಾರುಗಳನ್ನು ಬಿಟ್ಟು ಹೋಗಬೇಕಾಯಿತು. ಅಪಲೇಷಿಯನ್ ಪ್ರದೇಶಕ್ಕೂ ಇಂತಹ ಪೆಟ್ಟು ಬಿದ್ದಿದೆ. ೨೦೨೪ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ಮಳೆಯಿಂದ ಬೆಟ್ಟಗಳು ಕುಸಿದು, ಮೇಲೆ ಹೇಳಿದ ಪಾರ್ಕ್‌ವೇ ರಸ್ತೆಯನ್ನೇ ಮುಚ್ಚಬೇಕಾಯಿತು.

‘ನಮ್ಮ ಗಾಡಿ ಮೂರೂವರೆ ಟನ್ ಭಾರವಿದೆ, ಅದನ್ನು ನೀರು ಏನು ಮಾಡೀತು?’ ಎಂದು ಯಾರಾದರೂ ಕೇಳಬಹುದು. ಆರ್ಕಿಮಿಡೀಸನ ಸೂತ್ರವನ್ನು ಪ್ರಯೋಗಿಸೋಣ. ಗಾಡಿಯ ತಳ ೫ ಮೀಟರ್ ಉದ್ದ, ೨ ಮೀಟರ್ ಅಗಲ ಇರಲಿ. ಅದರ ವಿಸ್ತೀರ್ಣ ೧೦ ಚದರ ಮೀಟರ್. ನೀರು ತಳವನ್ನು ಮುಟ್ಟಿದ ಮೇಲೆ ಒಂದೊಂದು ಸೆಂಟಿಮೀಟರ್ ಏರಿದಂತೆಲ್ಲ ಗಾಡಿಯು ೧೦೦ ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎಂದರೆ ಅದರ ತೂಕ ೧೦೦ ಕಿಲೋಗ್ರಾಂನಷ್ಟು ಕಡಿಮೆಯಾದಂತೆ. ೩೫ ಸೆಂಟಿಮೀಟರ್ ಏರುವ ವೇಳೆಗೆ ಮೂರೂವರೆ ಟನ್ನೂ ಮಾಯ! ಒಳಗೆ ನೀರು ಸೋರಿದರೆ ಇದು ತುಸು ತಡವಾದೀತು, ಅಷ್ಟೆ. ಗಾಡಿ ಪೂರ್ತಿ ತೇಲಬೇಕೆಂದೂ ಇಲ್ಲ. ತೂಕ ಇಳಿದಂತೆ ಚಕ್ರ ಮತ್ತು ನೆಲಗಳ ನಡುವಣ ಘರ್ಷಣೆಯೂ ಇಳಿಯುವುದರಿಂದ, ಪಕ್ಕದಿಂದ ತಳ್ಳುವ ಪ್ರವಾಹಕ್ಕೆ ಅದು ಬೇಗನೆ ವಶವಾಗುತ್ತದೆ. ಮುಳುಗಿದ ಸೇತುವೆಯ ಮೇಲೆ ವಾಹನವನ್ನು ಇಳಿಸಬಾರದೆಂಬ ಎಚ್ಚರಿಕೆಯ ಹಿಂದೆ ಇರುವುದು ಈ ಲೆಕ್ಕವೇ.

ಆದ್ದರಿಂದ ಹೊಳೆಯನ್ನು ನೋಡಲು ದಂಡೆಗೆ ಹೋಗೋಣ. ಮಲಗಲು ದಿಣ್ಣೆಗೆ ಬರೋಣ. ಮಲಗುವ ಮುನ್ನ ಇನ್ನೊಂದು ಎಚ್ಚರ ಅಗತ್ಯ. ಮುಚ್ಚಿದ ಗಾಡಿಯೊಳಗೆ ಇದ್ದಿಲನ್ನಾಗಲಿ ಅನಿಲದ ಒಲೆಯನ್ನಾಗಲಿ ಚಳಿ ಕಾಯಿಸಲು ಉರಿಸಬಾರದು. ಸಾಕಷ್ಟು ಆಮ್ಲಜನಕ ದೊರೆಯದೆ ಉರಿಯುವ ಇಂಧನವು ಕಾರ್ಬನ್ ಮಾನಾಕ್ಸೈಡನ್ನು ಉತ್ಪಾದಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದವರು ಏಳದೆ ಹೋಗುವುದೇ ಅದರ ಮೊದಲ ಸೂಚನೆಯಾಗಬಹುದು.

ಕಾಲದ ಲೆಕ್ಕ

ಬಾದಾಮಿಯಿಂದ ಕಣಕುಂಬಿಗೆ ಈ ಮಾರ್ಗದ ದೂರ ಇನ್ನೂರು ಕಿಲೋಮೀಟರನ್ನು ಮೀರುತ್ತದೆ. ಇದಕ್ಕೆಷ್ಟು ಹೊತ್ತು ಬೇಕು? ಇಲ್ಲಿ ವಿದ್ಯಾರ್ಥಿಗಳು ಪದೇ ಪದೇ ಎಡವುವ ಒಂದು ಲೆಕ್ಕವಿದೆ. ದಾರಿಯ ಅರ್ಧಭಾಗವನ್ನು ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲೂ ಉಳಿದರ್ಧವನ್ನು ೨೦ ಕಿಲೋಮೀಟರ್ ವೇಗದಲ್ಲೂ ಕ್ರಮಿಸಿದರೆ ಸರಾಸರಿ ವೇಗ ಎಷ್ಟು? ‘೪೦’ ಎಂದು ಉತ್ತರಿಸುವವರೇ ಹೆಚ್ಚು. ೧೨೦ ಕಿಲೋಮೀಟರಿನ ದಾರಿಯನ್ನು ತೆಗೆದುಕೊಳ್ಳಿ. ಮೊದಲ ೬೦ಕ್ಕೆ ಒಂದು ಗಂಟೆ, ಉಳಿದ ೬೦ಕ್ಕೆ ಮೂರು ಗಂಟೆ, ಒಟ್ಟು ನಾಲ್ಕು ಗಂಟೆ. ಸರಾಸರಿ ೩೦ ಮಾತ್ರ! ನಿಧಾನದ ಭಾಗವು ಕಾಲವನ್ನು ನುಂಗುತ್ತದೆ. ವೇಗದ ಭಾಗದಲ್ಲಿ ಎಷ್ಟು ಓಡಿಸಿದರೂ ಅದನ್ನು ಮರಳಿ ಪಡೆಯಲಾಗದು. ಬಯಲಿನಲ್ಲಿ ೬೦ರ ಬದಲು ೮೦ರ ವೇಗದಲ್ಲಿ ಓಡಿಸಿದರೆ ನಾಲ್ಕು ಗಂಟೆಗಳಲ್ಲಿ ಉಳಿಯುವುದು ಕೇವಲ ಹದಿನೈದು ನಿಮಿಷ. ಈ ಹದಿನೈದು ನಿಮಿಷಗಳ ಆಸೆಗಾಗಿ ಎಷ್ಟು ಅಪಘಾತಗಳಾಗುವುವೋ! ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಹೊಳೆಯು ಬೆಟ್ಟದ ಸಾಲನ್ನು ಸೀಳಿ ಹೊರಬರುವ ಕಮರಿಯನ್ನು ನೋಡಿ, ಅಲ್ಲಿಯೇ ಒಂದು ದಿನವನ್ನು ಮುಗಿಸುವುದು ಜಾಣತನ.

ಏರು, ಇಳಿಜಾರುಗಳ ಲೆಕ್ಕ

ಪಟ್ಟದಕಲ್ಲಿಗಿಂತ ಕಣಕುಂಬಿಯು ಸುಮಾರು ೨೫೦ ಮೀಟರಿನಷ್ಟು ಎತ್ತರದಲ್ಲಿದೆ. ೩೫೦೦ ಕಿಲೋಗ್ರಾಂ ಗಾಡಿಯನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿಯು ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ: ಸುಮಾರು ೮೬ ಲಕ್ಷ ಜೌಲ್. ಕೇಳಲು ಬಹು ದೊಡ್ಡದೆನಿಸುತ್ತದೆ. ಆದರೆ ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು ೩೬೦ ಲಕ್ಷ ಜೌಲ್ ಶಕ್ತಿ ಅಡಗಿದೆ. ಎಂಜಿನ್ನು ಅದರಲ್ಲಿ ನೂರಕ್ಕೆ ಮೂವತ್ತು ಭಾಗವನ್ನು ಮಾತ್ರ ಉಪಯೋಗಕ್ಕೆ ತಂದರೂ ೧೦೮ ಲಕ್ಷ ಜೌಲ್ ಆಯಿತು. ಗಾಡಿಯನ್ನು ಬಯಲಿನಿಂದ ನದಿಯ ತವರಿಗೆ ಎತ್ತಲು ಒಂದು ಲೀಟರ್ ಡೀಸೆಲೂ ಬೇಡ! ಪ್ರಯಾಣಕ್ಕೆ ವೆಚ್ಚವಾಗುವ ಇಪ್ಪತ್ತಕ್ಕೂ ಹೆಚ್ಚು ಲೀಟರುಗಳಲ್ಲಿ ಬಹುಭಾಗ ವ್ಯಯವಾಗುವುದು ಗಾಳಿಯನ್ನು ಸೀಳಲು, ಚಕ್ರಗಳನ್ನು ಉರುಳಿಸಲು, ದಾರಿಯ ಸಣ್ಣಪುಟ್ಟ ಏರಿಳಿತಗಳನ್ನು ದಾಟಲು.

ಹಾಗಾದರೆ ಬೆಟ್ಟಕ್ಕೆ ಹೆದರಬೇಕಾದುದೇಕೆ? ಏರುವಾಗ ಅಲ್ಲ, ಇಳಿಯುವಾಗ. ಕಣಕುಂಬಿಯನ್ನು ದಾಟಿ ಚೋರ್ಲಾ ಘಟ್ಟದಲ್ಲಿ ಕರಾವಳಿಯ ಕಡೆಗೆ ಇಳಿಯುತ್ತಿದ್ದೇವೆಂದುಕೊಳ್ಳಿ. ಲೆಕ್ಕದ ಅನುಕೂಲಕ್ಕಾಗಿ ಇಳಿತವು ೬೦೦ ಮೀಟರ್ ಇರಲಿ. ಗಾಡಿಯಲ್ಲಿ ಪ್ರಚ್ಛನ್ನವಾಗಿದ್ದ ಎರಡು ಕೋಟಿ ಜೌಲಿಗೂ ಮಿಗಿಲಾದ ಶಕ್ತಿಯನ್ನು ನಾವು ಹೇಗಾದರೂ ಕಳೆಯಲೇಬೇಕು. ಇಲ್ಲವಾದರೆ ಅದು ವೇಗವಾಗಿ ಪರಿಣಮಿಸುತ್ತದೆ. ಬ್ರೇಕನ್ನೇ ತುಳಿಯುತ್ತ ಇಳಿದರೆ ಆ ಶಕ್ತಿಯು ಉಷ್ಣವಾಗಿ ಬ್ರೇಕಿನ ಕಬ್ಬಿಣವನ್ನು ಸೇರುತ್ತದೆ. ನಾಲ್ಕು ಚಕ್ರಗಳ ಬ್ರೇಕುಗಳಲ್ಲಿ ಒಟ್ಟು ೬೦ ಕಿಲೋಗ್ರಾಂ ಕಬ್ಬಿಣವಿದೆಯೆಂದು ಭಾವಿಸೋಣ. ಒಂದು ಕಿಲೋಗ್ರಾಂ ಕಬ್ಬಿಣವನ್ನು ಒಂದು ಡಿಗ್ರಿ ಕಾಯಿಸಲು ೪೬೦ ಜೌಲ್ ಸಾಕು. ಉಷ್ಣವೆಲ್ಲ ಅಲ್ಲಿಯೇ ಉಳಿದರೆ ಉಷ್ಣತೆಯು ೭೦೦ ಡಿಗ್ರಿಗೂ ಹೆಚ್ಚು ಏರಬೇಕು. ಕಬ್ಬಿಣ ಕೆಂಪಗೆ ಕಾಯುವಷ್ಟು! ಬೀಸುವ ಗಾಳಿಯು ಬಹುಪಾಲನ್ನು ಒಯ್ಯುವುದರಿಂದ ಅಷ್ಟು ಏರದು, ನಿಜ. ಆದರೆ ಅಪಾಯಕ್ಕೆ ಅಷ್ಟು ಏರಬೇಕಾಗಿಯೂ ಇಲ್ಲ. ಬ್ರೇಕಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವಗಳಲ್ಲಿ ‘ಡಾಟ್ ೩’ ಎಂಬ ದರ್ಜೆಯದು ಹೊಸದಾಗಿದ್ದಾಗ ೨೦೫ ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ಅದು ಗಾಳಿಯ ತೇವವನ್ನು ಹೀರುತ್ತ ಹಳೆಯದಾದಂತೆ ಈ ಮಿತಿ ೧೪೦ರ ಸಮೀಪಕ್ಕೆ ಇಳಿಯುತ್ತದೆ. ದ್ರವ ಕುದಿದು ಆವಿಯಾದರೆ ಕೊಳವೆಯಲ್ಲಿ ಗುಳ್ಳೆಗಳು ತುಂಬುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ತುಳಿದ ಒತ್ತಡವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿದು, ಬ್ರೇಕು ನೆಲದವರೆಗೆ ಇಳಿದರೂ ಗಾಡಿ ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರವು ಎಂಜಿನ್ನಿನಲ್ಲೇ ಇದೆ. ಇಳಿಜಾರು ಇಪ್ಪತ್ತಕ್ಕೆ ಒಂದರಂತಿದ್ದು, ಗಾಡಿ ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿದ್ದರೆ, ಗುರುತ್ವವು ಸುಮಾರು ೧೪ ಕಿಲೋವಾಟ್ ಸಾಮರ್ಥ್ಯದಿಂದ ಅದನ್ನು ಮುಂದಕ್ಕೆ ನೂಕುತ್ತಿರುತ್ತದೆ. ಒಂದೊಂದು ಕಿಲೋವಾಟಿನ ಹದಿನಾಲ್ಕು ವಿದ್ಯುತ್ ಒಲೆಗಳನ್ನು ಒಟ್ಟಿಗೆ ಉರಿಸಿದಷ್ಟು. ಇದರಲ್ಲಿ ನಾಲ್ಕೈದು ಕಿಲೋವಾಟನ್ನು ಚಕ್ರಗಳ ಉರುಳಾಟವೂ ಗಾಳಿಯ ತಡೆಯೂ ನುಂಗುತ್ತವೆ. ಉಳಿದುದನ್ನು ಕೆಳಗಿನ ಗೇರಿಗೆ ಹಾಕಿದ ಎಂಜಿನ್ನು ತನ್ನ ಆಂತರಿಕ ಘರ್ಷಣೆಯಿಂದಲೂ ಗಾಳಿಯನ್ನು ಒಳಗೆಳೆದು ಹೊರದಬ್ಬುವ ಶ್ರಮದಿಂದಲೂ ಬಹುಮಟ್ಟಿಗೆ ಕಳೆಯಬಲ್ಲುದು. ಆ ಉಷ್ಣವನ್ನು ಹೊರಹಾಕಲು ರೇಡಿಯೇಟರು ಸಿದ್ಧವಾಗಿಯೇ ಇದೆ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವ ಮಾತಿಗೆ ಆಧಾರ ಇದೇ. ಗೇರನ್ನು ಬದಲಿಸಬೇಕಾದುದು ಇಳಿಜಾರು ಆರಂಭವಾಗುವ ಮೊದಲು. ವೇಗ ಕೈಮೀರಿದ ಮೇಲಲ್ಲ. ಡೀಸೆಲ್ ಉಳಿಸುವ ಆಸೆಯಿಂದ ಗೇರನ್ನು ತಪ್ಪಿಸಿ ಗಾಡಿಯನ್ನು ಜಾರಲು ಬಿಡುವವರು ಒಂದೆರಡು ಲೋಟದಷ್ಟು ಎಣ್ಣೆಗೆ ಪ್ರಾಣವನ್ನು ಪಣವಿಟ್ಟಂತೆ.

ತಿರುವಿನ ಲೆಕ್ಕ

ಮನೆಗಾಡಿಯು ಎತ್ತರವಾದ ವಾಹನ. ತಿರುವಿನಲ್ಲಿ ಅದು ಹೊರಕ್ಕೆ ವಾಲುತ್ತದೆ. ಗುರುತ್ವಕೇಂದ್ರವು ನೆಲದಿಂದ ೧.೨ ಮೀಟರ್ ಎತ್ತರದಲ್ಲಿದ್ದು, ಎಡಬಲದ ಚಕ್ರಗಳ ಅಂತರ ೧.೮ ಮೀಟರ್ ಇದ್ದರೆ, ೨೦ ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು ೪೪ ಕಿಲೋಮೀಟರ್ ವೇಗಕ್ಕೆ ಒಳಬದಿಯ ಚಕ್ರಗಳು ನೆಲವನ್ನು ಬಿಡುತ್ತವೆಂದು ಲೆಕ್ಕ ಹೇಳುತ್ತದೆ. ಸ್ಪ್ರಿಂಗುಗಳ ಬಾಗುವಿಕೆಯಿಂದಾಗಿ ನಿಜವಾದ ಮಿತಿ ಇದಕ್ಕಿಂತ ಕಡಿಮೆ. ಮಳೆಯಿಂದ ನೆನೆದ ರಸ್ತೆಯ ಘರ್ಷಣಾಂಕ ೦.೪ ಎಂದುಕೊಂಡರೆ ಗಂಟೆಗೆ ೩೨ ಕಿಲೋಮೀಟರಿಗೇ ಚಕ್ರಗಳು ಜಾರತೊಡಗುತ್ತವೆ. ಮಗುಚುವ ಮೊದಲೇ ಕಮರಿಯ ಕಡೆಗೆ ಸರಿಯುತ್ತೇವೆಂದಾಯಿತು! ಹೊರಕ್ಕೆಳೆಯುವಂತೆ ತೋರುವ ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ ವೇಗವನ್ನು ಅರ್ಧಕ್ಕೆ ಇಳಿಸಿದರೆ ಬಲವು ಕಾಲು ಭಾಗಕ್ಕೆ ಇಳಿಯುತ್ತದೆ. ೨೫ ಕಿಲೋಮೀಟರ್ ವೇಗದಲ್ಲಿ ಅದು ಗಾಡಿಯ ತೂಕದ ಕಾಲು ಭಾಗದಷ್ಟು ಮಾತ್ರ. ಒಲೆಯ ಮೇಲಿನ ಪಾತ್ರೆಯೂ ಜಾರದೆ ನಿಂತೀತು. ನೀರಿನ ಕ್ಯಾನು, ಅಕ್ಕಿಯ ಮೂಟೆ, ಪುಸ್ತಕದ ಪೆಟ್ಟಿಗೆ ಮುಂತಾದ ಭಾರದ ವಸ್ತುಗಳನ್ನು ಗಾಡಿಯ ನೆತ್ತಿಯ ಮೇಲಿಡದೆ ತಳದಲ್ಲಿಟ್ಟರೆ ಗುರುತ್ವಕೇಂದ್ರವು ಕೆಳಗಿಳಿದು ಗಾಡಿಯ ಭದ್ರತೆ ಹೆಚ್ಚುತ್ತದೆ. ಅರ್ಧ ತುಂಬಿದ ತೊಟ್ಟಿಯ ನೀರು ತಿರುವಿನಲ್ಲಿ ಹೊರಬದಿಗೆ ನುಗ್ಗುವುದರಿಂದ ತೊಟ್ಟಿಯನ್ನು ಪೂರ್ತಿ ತುಂಬಿಸಿ ಘಟ್ಟಕ್ಕೆ ಇಳಿಯುವುದು ಲೇಸು.

ಪ್ರವಾಸದ ಯೋಜನೆ

ಈ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿದರೆ ಯೋಜನೆ ತಾನಾಗಿಯೇ ರೂಪುಗೊಳ್ಳುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ: ಹೊಳೆ ಶಾಂತವಾಗಿರುತ್ತದೆ, ರಸ್ತೆ ಒಣಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಮೊದಲ ದಿನ ಪಟ್ಟದಕಲ್ಲು ಮತ್ತು ಬಾದಾಮಿ, ಸೂರ್ಯನು ವಿಧಿಸಿದ ಕ್ರಮದಲ್ಲಿ. ಎರಡನೆಯ ದಿನ ರಾಮದುರ್ಗದ ಮಾರ್ಗವಾಗಿ ನವಿಲುತೀರ್ಥ. ಮೂರನೆಯ ದಿನ ಖಾನಾಪುರದ ಮೂಲಕ ಕಣಕುಂಬಿ. ಘಟ್ಟ ಇಳಿಯಬಯಸುವವರು ನಾಲ್ಕನೆಯ ದಿನದ ಹಗಲನ್ನು ಅದಕ್ಕೆಂದೇ ಮೀಸಲಿಡಬೇಕು. ಹೊರಡುವ ಮೊದಲು ಬ್ರೇಕಿನ ದ್ರವವನ್ನು ಬದಲಾಯಿಸಿದ್ದಾಗಿದೆಯೇ, ಭಾರದ ವಸ್ತುಗಳು ತಳದಲ್ಲಿವೆಯೇ ಎಂಬೆರಡು ಪ್ರಶ್ನೆಗಳನ್ನು ಮನೆಯ ಹಿರಿಯರಿಗೆ ವಿದ್ಯಾರ್ಥಿಗಳೇ ಕೇಳಲಿ.

ಕಣಕುಂಬಿಯಲ್ಲಿ ನದಿಯು ಪುಟ್ಟ ಹಳ್ಳವಾಗಿ ಹುಟ್ಟುವುದನ್ನು ಕಂಡಾಗ, ಇದೇ ನೀರು ಕೆಂಪು ಬೆಟ್ಟಗಳ ನಡುವೆ ಸಾಗಿ, ಪಟ್ಟದಕಲ್ಲಿನ ಗುಡಿಗಳ ಮುಂದೆ ಉತ್ತರಾಭಿಮುಖವಾಗಿ ಹರಿಯುವುದೆಂಬುದು ನೆನಪಾಗುತ್ತದೆ. ಎತ್ತರವನ್ನು ಕಳೆದುಕೊಳ್ಳಲು ಮಲಪ್ರಭೆಯು ಮುನ್ನೂರು ಕಿಲೋಮೀಟರುಗಳ ಹಾದಿಯನ್ನು ತೆಗೆದುಕೊಂಡಿದೆ. ಘಟ್ಟವನ್ನಿಳಿಯುವ ನಾವು ಇನ್ನರ್ಧ ಗಂಟೆ ಹೆಚ್ಚು ತೆಗೆದುಕೊಂಡರೆ ನಷ್ಟವೇನಿಲ್ಲ.